ರೇಸ್ ಕೊಟ್ಟರೆ ಪಿಕಪ್ ‘ಕುಂಯ್’ ಅಂತಿದೆಯೇ? ಬಿಚ್ಚಿಸುವ ಮೊದಲು ಇಷ್ಟು ನೋಡಿ

ರಾರಾವಿಯಿಂದ ಬಳ್ಳಾರಿ ಮಾರ್ಕೆಟ್‌ಗೆ ವಾರಕ್ಕೆರಡು ಸಲ ನನ್ನ ಪಿಕಪ್‌ನಲ್ಲಿ ತರಕಾರಿ ಒಯ್ಯುತ್ತೇನೆ. ಬೆಳಗಿನ ಜಾವ ಗಾಡಿ ತಲುಪಲಿಲ್ಲ ಅಂದ್ರೆ ಬದನೆಗೆ ರೇಟಿಲ್ಲ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ, ಲೋಡಿನಲ್ಲಿ ರೇಸ್ ಕೊಟ್ಟಾಗಲೆಲ್ಲ ಸಣ್ಣಗೆ ‘ಕುಂಯ್...’ ಅನ್ನುವ ಸದ್ದು ಶುರುವಾಯಿತು. ನಾನು ಮಾಡಿದ್ದು ಒಂದೇ ಕೆಲಸ: ಹಾಡಿನ ಸೌಂಡ್ ಜಾಸ್ತಿ ಮಾಡಿದೆ. ಎರಡು ತಿಂಗಳು ಹಾಗೇ ಓಡಿಸಿದೆ.

ಕೊನೆಗೆ ಒಂದು ಗ್ಯಾರೇಜಿಗೆ ಹೋದರೆ, ಓಡಿಸಿಯೂ ನೋಡದೆ, “ಗೇರ್ ಬಾಕ್ಸ್ ಇಳಿಸ್ಬೇಕಣ್ಣ, ನಾಕು ದಿನ ಬಿಡ್ರಿ” ಅಂದರು. ಕಟಾವಿನ ಹೊತ್ತಲ್ಲಿ ನಾಲ್ಕು ದಿನ ಗಾಡಿ ಇಲ್ಲದಿದ್ದರೆ ಬೆಳೆ ಹೊಲದಲ್ಲೇ ಬಲಿಯುತ್ತದೆ. ಮನೆಗೆ ವಾಪಸ್ ಬಂದು ಯೋಚಿಸಿದೆ. ಗಿಡದ ಎಲೆ ಹಳದಿಯಾದರೆ ನಾವು ಮೊದಲು ನೋಡೋದು ಹಳೇ ಎಲೆಯೋ, ಹೊಸ ಎಲೆಯೋ ಅಂತ. ಕೆಳಗಿನ ಹಳೇ ಎಲೆಯಾದರೆ ಸಾರಜನಕದ ಮೇಲೆ ಅನುಮಾನ, ತುದಿಯ ಚಿಗುರಾದರೆ ಕಬ್ಬಿಣದ ಮೇಲೆ. ಗಾಡಿಗೂ ಅಂಥದ್ದೇ ಒಂದು ಪ್ರಶ್ನೆ ಇದೆ: ಸದ್ದು ಎಂಜಿನ್ ಜೊತೆ ಏರುತ್ತದೋ, ಚಕ್ರದ ಜೊತೆ ಏರುತ್ತದೋ?

ಮೊದಲ ಪರೀಕ್ಷೆ: ನಿಂತಲ್ಲೇ ರೇಸ್ ಕೊಡಿ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ರೇಸ್ ಕೊಡಿ. ಸದ್ದು ನಿಂತಲ್ಲೇ ಬಂದರೆ ಹೀಗೆ ನೋಡಿ:

- ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಜೋರಾದರೆ ಪವರ್ ಸ್ಟೀರಿಂಗ್ ಎಣ್ಣೆ ಕಡಿಮೆ ಇದೆಯಾ ನೋಡಿ.
- ಬೆಲ್ಟ್ ಸಡಿಲವೋ, ಸೀಳಿದೆಯೋ ನೋಡಿ. ಬೆಲ್ಟ್ ಸರಿ ಇದ್ದರೆ ಆಲ್ಟರ್ನೇಟರ್ ಬೇರಿಂಗ್ ಇರಬಹುದು.
- ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬೇರಿಂಗ್. ಒತ್ತಿದಾಗ ನಿಂತುಹೋದರೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್.

ಸೀಟಿಯಂಥ ಸದ್ದು ಬಂದು, ಗಾಡಿ ಎಳೆಯದೆ ಕಪ್ಪು ಹೊಗೆ ಬಿಟ್ಟರೆ ಟರ್ಬೊ ಪೈಪಿನ ಜೋಡಣೆ ನೋಡಿ. ಕ್ಲಾಂಪ್ ಸಡಿಲಾದ ಕಡೆ ಎಣ್ಣೆ ಜಿಡ್ಡು ಕಾಣುತ್ತದೆ. ಇದು ಹೆಚ್ಚಾಗಿ ಲೋಡಿನಲ್ಲೇ ಕೇಳುತ್ತದೆ.

ಎಚ್ಚರ: ಎಂಜಿನ್ ಓಡುವಾಗ ಹೆಗಲ ಮೇಲಿನ ಟವೆಲ್ ತೆಗೆದಿಡಿ. ಬೆಲ್ಟ್ ಹತ್ತಿರ ಕೈ ಬೇಡ.

ಎರಡನೇ ಪರೀಕ್ಷೆ: ಓಡಿಸಿ ಕೇಳಿ

ನಿಂತಾಗ ಸದ್ದಿಲ್ಲ, ಓಡುವಾಗ ಮಾತ್ರ ಇದೆ ಅಂದರೆ ಖಾಲಿ ರಸ್ತೆಗೆ ಹೋಗಿ. ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಲಿ, ಮೆಕ್ಯಾನಿಕ್‌ಗೆ ಕೇಳಿಸಲು ಆಗುತ್ತದೆ. ಓಡುವಾಗ ಕೀ ಮಾತ್ರ ಆಫ್ ಮಾಡಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು, ಬ್ರೇಕ್ ಗಟ್ಟಿಯಾಗುತ್ತದೆ.

- ಒಂದೇ ಗೇರಿನಲ್ಲಿ ಬಂದು ಬೇರೆ ಗೇರಿನಲ್ಲಿ ಇಲ್ಲದಿದ್ದರೆ ಗೇರ್ ಬಾಕ್ಸ್.
- ರೇಸ್ ಬಿಟ್ಟರೂ ಅದೇ ಸದ್ದಿದ್ದು, ಎಡಕ್ಕೆ ಬಳಸುವಾಗ ಜೋರಾದರೆ ಬಲ ಚಕ್ರದ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ಬಳಸುವಾಗ ಜೋರಾದರೆ ಎಡದ್ದು.
- ಎಲ್ಲಾ ಗೇರಿನಲ್ಲೂ ಬಂದು, ರೇಸ್ ಕೊಟ್ಟಾಗ ಏರಿ, ಬಿಟ್ಟ ಕೂಡಲೇ ಇಳಿದರೆ ಅಥವಾ ದನಿ ಬದಲಾದರೆ ಡಿಫರೆನ್ಷಿಯಲ್. ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಕಾಣುವ ಭಾಗ ಅದು.

ನನ್ನದು ಈ ಕೊನೆಯದು. ಗೇರ್ ಬಾಕ್ಸ್ ಇಳಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಸದ್ದೂ ಉಳಿಯುತ್ತಿತ್ತು.

ಸಿಕ್ಕಿದ್ದೇನು?

ಇನ್ನೊಬ್ಬ ಮೆಕ್ಯಾನಿಕ್ ಬಳಿ ಡಿಫರೆನ್ಷಿಯಲ್ ಎಣ್ಣೆ ಇಳಿಸಿದೆವು. ಬಂದದ್ದು ಹಾಲು ಬೆರೆಸಿದ ಚಹಾದಂಥ ಬಣ್ಣ, ಅದೂ ಅರ್ಧಕ್ಕಿಂತ ಕಡಿಮೆ. ನಮ್ಮ ಹಗರಿ ಕಡೆಯ ಹಳ್ಳಗಳು, ಭತ್ತದ ಗದ್ದೆಯ ಕೆಸರು ನಿಮಗೆ ಗೊತ್ತೇ ಇದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಬಿಸಿಯಾದಾಗ ಅದೇ ಸಂದಿಯಿಂದ ಎಣ್ಣೆ ಹೊರಗೆ ತಳ್ಳುತ್ತದೆ. ಎಣ್ಣೆ ಸಾಲದ ಹಲ್ಲುಗಳು ಲೋಡು ಬಿದ್ದಾಗ ಕೂಗುತ್ತವೆ.

ಬ್ರೀದರ್ ಸ್ವಚ್ಛ ಮಾಡಿ, ಸೀಲು, ಎಣ್ಣೆ ಬದಲಿಸಿದೆವು. ನೀವು ಮಾಡಿಸುವಾಗ ನೆನಪಿಡಿ:

1. ಮೊದಲು ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿ. ಅದು ತುಕ್ಕು ಹಿಡಿದು ಬರದಿದ್ದರೆ, ಕೆಳಗಿನದು ಬಿಚ್ಚಿ ಎಣ್ಣೆ ಖಾಲಿ ಮಾಡಿಕೊಂಡು ಕೂರಬೇಕಾಗುತ್ತದೆ.
2. ಕೆಳಗಿನ ಬೋಲ್ಟಿನ ಅಯಸ್ಕಾಂತ ನೋಡಿ. ನುಣ್ಣನೆ ಬೂದು ಅಂಟು ಇದ್ದರೆ ಚಿಂತೆ ಇಲ್ಲ. ಕಬ್ಬಿಣದ ಚೂರು ಸಿಕ್ಕರೆ ಬಿಚ್ಚಿಸಲೇಬೇಕು.
3. ಗಾಡಿಯ ಪುಸ್ತಕದಲ್ಲಿ ಬರೆದ ಗ್ರೇಡಿನ ಎಣ್ಣೆಯನ್ನೇ ಹಾಕಿ. ಡಿಫರೆನ್ಷಿಯಲ್ ಎಣ್ಣೆ ಉಳಿಯಿತು ಅಂತ ಗೇರ್ ಬಾಕ್ಸಿಗೆ ಸುರಿಯಬೇಡಿ. ತುಂಬುವ ತೂತಿನ ಕೆಳ ಅಂಚಿನವರೆಗೆ ಬಂದರೆ ಸಾಕು.
4. ಪಿನಿಯನ್ ಸೀಲು ಬದಲಿಸುವಾಗ ನಟ್ಟಿನ ಬಿಗಿ ಹೆಚ್ಚುಕಮ್ಮಿಯಾದರೆ ಹೊಸ ಸದ್ದು ಶುರುವಾಗುತ್ತದೆ. ಆ ಕೆಲಸ ಅನುಭವಸ್ಥರಿಗೇ ಬಿಡಿ.

ಸದ್ದು ಪೂರ್ತಿ ಹೋಯಿತಾ? ಇಲ್ಲ. ತುಂಬಾ ಕಡಿಮೆಯಾಯಿತು, ಆದರೆ ಪೂರ್ತಿ ಲೋಡಿನಲ್ಲಿ ಈಗಲೂ ಸಣ್ಣಗೆ ಕೇಳುತ್ತದೆ. ಆ ಎರಡು ತಿಂಗಳಲ್ಲಿ ಸವೆದ ಹಲ್ಲು ಎಣ್ಣೆಯಿಂದ ವಾಪಸ್ ಬರೋದಿಲ್ಲ. ಮೊದಲ ವಾರವೇ ಹಾಡು ನಿಲ್ಲಿಸಿ ಕೇಳಿದ್ದರೆ ಎಣ್ಣೆ, ಸೀಲಿನ ಖರ್ಚಿನಲ್ಲೇ ಮುಗಿಯುತ್ತಿತ್ತು.

ಈ ವಾರ ಒಂದು ಕೆಲಸ ಮಾಡಿ. ಗಾಡಿ ರಾತ್ರಿ ನಿಂತ ಜಾಗದಲ್ಲಿ, ಹಿಂದಿನ ಗುಂಡು ಭಾಗದ ಕೆಳಗೆ ಎಣ್ಣೆ ಹನಿ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಮುಂದಿನ ಲೋಡಿಗೆ ಮೊದಲೇ ತೋರಿಸಿ.