ಅಧ್ಯಾಯಕ್ಕೆ ಎಷ್ಟು ಪುಟ? ಮೊದಲ ಕಾದಂಬರಿ ಬರೆಯುವವರಿಗೆ

ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ಹೊಸಬರ ಹಸ್ತಪ್ರತಿಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟವರ ಕಥೆ ಎಂದಿಟ್ಟುಕೊಳ್ಳಿ. ಮೊದಲ ಅಧ್ಯಾಯವೇ ಅರವತ್ತು ಪುಟ: ಸರ್ವೆ, ನೋಟಿಸು, ಪರಿಹಾರ, ನವನಗರದ ಸೈಟು ಎಲ್ಲ ಅಲ್ಲೇ. ಯಾರೋ ‘ಭಾಳ ಉದ್ದ ಆತು’ ಅಂದರೆ ಲೇಖಕರು ಹತ್ತತ್ತು ಪುಟಕ್ಕೆ ಕತ್ತರಿ ಹಾಕಿ 1, 2, 3 ಎಂದು ಅಂಕಿ ಬರೆಯುತ್ತಾರೆ. ಉದ್ದ ಹೋಗುತ್ತದೆ, ಬೇಸರ ಹೋಗುವುದಿಲ್ಲ.

ಹೀಗೆ ಮಾಡಿ. ಮೊದಲ ಕರಡನ್ನು ಅಧ್ಯಾಯದ ಚಿಂತೆ ಬಿಟ್ಟು ಮುಗಿಸಿ. ಆಮೇಲೆ ಪೆನ್ಸಿಲ್ ಹಿಡಿದು, ಕಾಲವೋ ಜಾಗವೋ ಕಥೆ ನೋಡುವ ಪಾತ್ರವೋ ಬದಲಾದ ಕಡೆಯೆಲ್ಲ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಏನು ಬದಲಾಯಿತೆಂದು ಅಂಚಿನಲ್ಲಿ ಒಂದೇ ಸಾಲು ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ಆ ತುಂಡನ್ನು ಪಕ್ಕದ್ದಕ್ಕೆ ಸೇರಿಸಿ, ಇಲ್ಲವೇ ಕಿತ್ತುಹಾಕಿ. ಮೂರು ಸಾಲು ಬೇಕಾದರೆ ಅಲ್ಲಿ ಎರಡು ಅಧ್ಯಾಯಗಳಿವೆ.

ಲೆಕ್ಕ ಬೇಕೇ ಬೇಕು ಎನ್ನುವವರಿಗೆ: 1,500ರಿಂದ 2,500 ಪದ. ಇದು ನನ್ನ ಅಂದಾಜು, ಶಾಸನವಲ್ಲ. ಬಾದಾಮಿಯಲ್ಲಿ ಬಸ್ ಹತ್ತಿದವರು ಬಾಗಲಕೋಟೆಯಲ್ಲಿ ಇಳಿಯುವುದರೊಳಗೆ ಒಂದೆರಡು ಅಧ್ಯಾಯ ಮುಗಿಸಬಹುದು. ಎಸ್.ಎಲ್. ಭೈರಪ್ಪನವರ ‘ಪರ್ವ’ದ (1979) ಅಧ್ಯಾಯಗಳು ಇದಕ್ಕಿಂತ ಎಷ್ಟೋ ದೊಡ್ಡವು, ಪಾತ್ರದ ನೆನಪಿನೊಳಗೇ ನಮ್ಮನ್ನು ಕೂರಿಸುವುದರಿಂದ ಓದಿಸಿಕೊಳ್ಳುತ್ತವೆ. ಪಲ್ಲವರು ಇದೇ ಬಾದಾಮಿಯ ಮೇಲೆ ದಂಡೆತ್ತಿ ಬಂದ ಕಥೆಯನ್ನು ತಮಿಳಿನ ಕಲ್ಕಿ 1944ರಿಂದ ತಮ್ಮ ವಾರಪತ್ರಿಕೆಯಲ್ಲಿ ‘ಶಿವಗಾಮಿಯಿನ್ ಶಪಥಂ’ ಎಂದು ಬರೆದಾಗ ಅದು ನಾಲ್ಕು ಭಾಗ, 200ಕ್ಕೂ ಹೆಚ್ಚು ಅಧ್ಯಾಯವಾಯಿತು. ವಾರವಿಡೀ ಕಾಯುವ ಓದುಗರಿಗೆ ಸಣ್ಣ ಕಂತೇ ಹಿತ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಅಧ್ಯಾಯದ ಕೊನೆ. ನಾಯಕ ರೊಟ್ಟಿ ತಿಂದು ಮಲಗುತ್ತಾನೆ, ಅಧ್ಯಾಯ ಮುಗಿಯುತ್ತದೆ. ಮುಂದಿನದು ಕೋಳಿ ಕೂಗಿ, ಚಹಾ ಕುದ್ದು ಶುರುವಾಗುತ್ತದೆ. ನಾಯಕನ ಜೊತೆ ಓದುಗನೂ ಮಲಗುತ್ತಾನೆ. ಏಳುವುದು ನಾಯಕ ಒಬ್ಬನೇ. ಇಳಕಲ್ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಅಂಥ ಕೊಂಡಿ ಇಲ್ಲಿ ಬೇಕು. ಹಾಗಂತ ಪ್ರತಿ ಸಲ ಅಪರಾತ್ರಿ ಬಾಗಿಲು ಬಡಿಸಬೇಡಿ. ಮೂರನೇ ಸಲಕ್ಕೆ ಓದುಗರು ನಗುತ್ತಾರೆ. ಪರಿಹಾರದ ಚೆಕ್ಕು ಯಾರ ಹೆಸರಿಗೆ ಬಂತು ಎಂಬಷ್ಟು ಪ್ರಶ್ನೆ ಉಳಿದರೂ ಸಾಕು. ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ ನೋಡಿ. ಬಹಳ ಸಲ ಅಧ್ಯಾಯ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ಆ ಪ್ಯಾರಾ ಎಷ್ಟೇ ಚಂದವಿದ್ದರೂ ಹೊಡೆದುಹಾಕಿ.

ಎಲ್ಲವೂ ಒಂದೇ ಅಳತೆ ಇರಬೇಕಿಲ್ಲ. ಜಗಳ, ಸಾವು ಬಂದಲ್ಲಿ ಎರಡು ಪುಟದ ಅಧ್ಯಾಯವೂ ನಡೆಯುತ್ತದೆ. ಶೀರ್ಷಿಕೆ ಕೊಟ್ಟರೆ ಗುಟ್ಟು ಬಿಟ್ಟುಕೊಡದಂತಿರಲಿ. ಧಾರಾವಾಹಿಗೆ ಕಳಿಸುವವರು ಪತ್ರಿಕೆಯ ಪದಮಿತಿ ಮೊದಲೇ ಕೇಳಿಕೊಂಡು ಬೇರೆ ಪ್ರತಿ ಸಿದ್ಧಮಾಡಿ. ಪುಸ್ತಕದ ಪ್ರತಿಯನ್ನು ಮುಟ್ಟಬೇಡಿ.