ಕುತ್ತಿಗೆಯ ಕಪ್ಪು ಕೊಳೆಯಲ್ಲ

ಪ್ರಶ್ನೆ: ನನಗೆ 34 ವರ್ಷ. ಎತ್ತರ ಐದಡಿ ಎರಡಂಗುಲ, ತೂಕ 54 ಕೆ.ಜಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಸೊಂಟ 34 ಇಂಚು. ಕುತ್ತಿಗೆಯ ಹಿಂದೆ ಕಪ್ಪಾಗಿದೆ. ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಉರಿ ಬಂತೇ ಹೊರತು ಕಪ್ಪು ಹೋಗಲಿಲ್ಲ. ಖಾಲಿಹೊಟ್ಟೆಯ ಸಕ್ಕರೆ 106, ಟ್ರೈಗ್ಲಿಸರೈಡ್ 180, ಎಚ್‌ಡಿಎಲ್ 41. ಬಿಪಿ ಸರಿಯಿದೆ. ಅಮ್ಮನಿಗೆ ಶುಗರ್ ಇದೆ. ‘ಇಷ್ಟು ತೆಳ್ಳಗಿರೋಳಿಗೆ ಎಂಥ ಶುಗರ್’ ಅಂತ ಮನೆಯವರು ನಗುತ್ತಾರೆ. ನಾನು ಹೆದರಬೇಕೆ?

ಉತ್ತರ: ಮೊದಲು ಆ ಉಜ್ಜುವುದನ್ನು ನಿಲ್ಲಿಸಿ, ತಂಗಿ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಕುತ್ತಿಗೆ, ಕಂಕುಳಿನ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುವುದುಂಟು. ಮೈ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ, ಅದಕ್ಕೇ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತಿದೆ.

ತೆಳ್ಳಗಿದ್ದೂ ಹೀಗಾಗುವುದು ನಮ್ಮ ಜನರಲ್ಲಿ ಹೊಸದಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಮೈಯನ್ನೇ ಹೋಲಿಸಿ ತೋರಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನಮಗೆ ಸ್ನಾಯು ಕಡಿಮೆ, ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೊಬ್ಬು ಜಾಸ್ತಿ. ತೂಕದ ಯಂತ್ರಕ್ಕೆ ಇದು ಕಾಣುವುದಿಲ್ಲ, ಟೇಪಿಗೆ ಕಾಣುತ್ತದೆ. ಏಷ್ಯಾದ ಹೆಂಗಸರಿಗೆ ಸೊಂಟದ ಮಿತಿ 80 ಸೆಂ.ಮೀ., ಗಂಡಸರಿಗೆ 90. ನಿಮ್ಮದು 86. ಸೊಂಟ, ಸಕ್ಕರೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಬಿಪಿ ಈ ಐದರಲ್ಲಿ ಮೂರು ಹದ ತಪ್ಪಿದರೂ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ನಿಮಗೆ ನಾಲ್ಕು ತಪ್ಪಿವೆ. ಮನೆಯವರು ನಗುವ ವಿಷಯವಲ್ಲ ಇದು.

ಹಾಗೆಂದು ಉಪವಾಸ ಬೀಳಬೇಡಿ. ನಿಮಗೆ ಇಳಿಯಬೇಕಾದದ್ದು ತೂಕಕ್ಕಿಂತ ಹೊಟ್ಟೆ, ಬೆಳೆಯಬೇಕಾದದ್ದು ಸ್ನಾಯು. ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಹೆಸರುಕಾಳಿನ ಉಸಲಿ, ಸೊಪ್ಪಿನ ಪಲ್ಯ, ಮೊಟ್ಟೆ ಅಥವಾ ಮೊಸರು ಬರಲಿ. ಅನ್ನ ಬಿಟ್ಟು ಎರಡು ಮುದ್ದೆ ಉಂಡರೆ ಪ್ರಯೋಜನವಿಲ್ಲ, ರಾಗಿಯೂ ಪಿಷ್ಟವೇ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು ಮಾಡಿ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ. ಚೆನ್ನೈನ ವೈದ್ಯ ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ, ನಡಿಗೆ ಬದಲಿಸಿದ್ದರಿಂದಲೇ ಅಪಾಯ ಶೇ 28ರಷ್ಟು ತಗ್ಗಿತು.

ಈ ವಾರವೇ ವೈದ್ಯರನ್ನು ಕಂಡು, ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಬಸಿರಿನಲ್ಲಿ ಸಕ್ಕರೆ ಏರಿದ್ದಿದ್ದರೆ ಅವರಿಗೆ ಮರೆಯದೆ ಹೇಳಿ. ಒಡಹುಟ್ಟಿದವರಿದ್ದರೆ ಅವರ ಸೊಂಟಕ್ಕೂ ಒಮ್ಮೆ ಟೇಪು ಹಿಡಿಯಿರಿ.