ಹಳೆಯ ಕಾರಿಗೆ ಹೊಸ ಎಂಜಿನೋ, ಇದ್ದುದರ ಸುಧಾರಣೆಯೋ?

ಮುಂಬಯಿಯ ಬೀದಿಗಳಲ್ಲಿ ದಶಕಗಳ ಕಾಲ ದುಡಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯು 2023ರ ಅಕ್ಟೋಬರದಲ್ಲಿ ಸೇವೆಯಿಂದ ನಿವೃತ್ತವಾಯಿತು. ಆದರೂ ಆ ಕಾರನ್ನು ಸ್ವಂತ ಬಳಕೆಗಾಗಿ ಜೋಪಾನವಾಗಿ ಉಳಿಸಿಕೊಂಡವರು ಇದ್ದಾರೆ. ಅದರ ಎಂಜಿನು ಬಳಲಿದಾಗ ಒಡೆಯನ ಮುಂದೆ ಎರಡು ದಾರಿಗಳಿರುತ್ತವೆ: ಬೇರೊಂದು ಎಂಜಿನನ್ನು ಕೂಡಿಸುವುದು, ಇಲ್ಲವೆ ಇದ್ದುದನ್ನೇ ಸುಧಾರಿಸುವುದು. ಯಾವುದು ಲೇಸೆಂಬುದನ್ನು ವಿದ್ಯಾರ್ಥಿಗಳು ತಾವು ಕಲಿತ ಗಣಿತ, ಭೌತಶಾಸ್ತ್ರಗಳಿಂದಲೇ ವಿಚಾರಿಸಬಹುದು.

ಮೊದಲು ರೋಗವನ್ನು ಅರಿಯಬೇಕು. ಹೊಗೆ ನೀಲಿಯಾಗಿದ್ದರೆ ಎಣ್ಣೆಯು ಪೆಟ್ರೋಲಿನೊಡನೆ ಉರಿಯುತ್ತಿದೆಯೆಂದು ತಿಳಿಯಬೇಕು. ಆಗ ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆಯುವರು. ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಎಣ್ಣೆ ಹೊಯ್ದು ಮತ್ತೆ ಅಳೆದಾಗ ಒತ್ತಡವು ಏರಿದರೆ ಪಿಸ್ಟನಿನ ರಿಂಗುಗಳೋ ಸಿಲಿಂಡರೋ ಸವೆದಿವೆ; ಏರದಿದ್ದರೆ ದೋಷವು ಬಹುಮಟ್ಟಿಗೆ ವಾಲ್ವುಗಳಲ್ಲಿದೆ.

ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನು ಹಾಕುವುದಕ್ಕೆ 'ಬೋರಿಂಗ್' ಎನ್ನುವರು. ಪದ್ಮಿನಿಯ ನಾಲ್ಕು ಸಿಲಿಂಡರುಗಳ ವ್ಯಾಸ 68 ಮಿ.ಮೀ., ಪಿಸ್ಟನಿನ ನಡೆ 75 ಮಿ.ಮೀ.; ಒಟ್ಟು ಗಾತ್ರ 1089 ಘನ ಸೆಂ.ಮೀ. ವ್ಯಾಸವನ್ನು ಅರ್ಧ ಮಿ.ಮೀ. ಹೆಚ್ಚಿಸಿದರೆ ಗಾತ್ರವು ಬೆಳೆಯುವುದು ಸುಮಾರು 16 ಘನ ಸೆಂ.ಮೀ. ಮಾತ್ರ, ಅಂದರೆ ನೂರಕ್ಕೆ ಒಂದೂವರೆ ಪಾಲು. ಆದುದರಿಂದ ಬೋರಿಂಗು ಕಳೆದುಹೋದ ಬಲವನ್ನು ಮರಳಿ ಕೊಡುತ್ತದೆಯೇ ಹೊರತು ಹೊಸ ಬಲವನ್ನು ಹೇಳಿಕೊಳ್ಳುವಷ್ಟು ಕೊಡಲಾರದು.

ಹೆಚ್ಚು ಬಲದ ಎಂಜಿನನ್ನೇ ಕೂಡಿಸಿದರೇನು? ಎಂಜಿನು ಒಂಟಿ ಯಂತ್ರವಲ್ಲ. ಅದರ ಭಾರವನ್ನು ಚೌಕಟ್ಟು ಹೊರಬೇಕು. ಬಲವನ್ನು ಗೇರುಪೆಟ್ಟಿಗೆ ತಾಳಬೇಕು. ಶಾಖವನ್ನು ರೇಡಿಯೇಟರು ಕಳೆಯಬೇಕು. 1990ರ ದಶಕದಲ್ಲಿ ಅಂಬಾಸಿಡರಿಗೆ ಜಪಾನಿನ ಇಸುಜು ಸಂಸ್ಥೆಯ ವಿನ್ಯಾಸದ 1.8 ಲೀಟರಿನ ಎಂಜಿನನ್ನು ಕಾರ್ಖಾನೆಯೇ ಅಳವಡಿಸಿದಾಗ ಅದರೊಡನೆ 5 ವೇಗಗಳ ಗೇರುಪೆಟ್ಟಿಗೆಯೂ ಬಂದಿತು.

ಎಲ್ಲಕ್ಕೂ ಮಿಗಿಲಾದುದು ಬ್ರೇಕಿನ ಪ್ರಶ್ನೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ಇದ್ದ ವೇಗವು 80 ಆದಾಗ ಶಕ್ತಿಯು 9 ಇದ್ದುದು 16 ಆಗುತ್ತದೆ. ಪದ್ಮಿನಿಯ ನಾಲ್ಕು ಗಾಲಿಗಳಿಗೂ ಇರುವುದು ಡ್ರಮ್ ಬ್ರೇಕುಗಳು. ಅವು ಕಾದಂತೆಲ್ಲ ಹಿಡಿತ ಸಡಿಲುತ್ತದೆ. ಖಂಡಾಳಾ ಘಟ್ಟವನ್ನು ಕುಟುಂಬ ಸಮೇತ ಇಳಿಯುವವನು ಇದನ್ನು ಮರೆಯಲಾಗದು. ಓಡಿಸುವ ಬಲವನ್ನು ಹೆಚ್ಚಿಸಿ ನಿಲ್ಲಿಸುವ ಬಲವನ್ನು ಹೆಚ್ಚಿಸದಿರುವುದು ಸಾಹಸವಲ್ಲ, ಅವಿವೇಕ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಮೇರೆಗೆ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಬದಲಿಸಿದ ಎಂಜಿನು ಸಾರಿಗೆ ಕಚೇರಿಯ ಅನುಮತಿ ಪಡೆದು ದಾಖಲಾಗಬೇಕು.

ಹೀಗಿರಲು, ಬ್ಲಾಕು ಬಿರುಕು ಬಿಡದೆ, ಬಿಡಿಭಾಗಗಳು ದೊರೆಯುತ್ತಿರುವವರೆಗೆ ಇದ್ದುದರ ಸುಧಾರಣೆಯೇ ಲೇಸು. ಬ್ಲಾಕು ಕೆಟ್ಟಾಗ ಅದೇ ಜಾತಿಯ ಮತ್ತೊಂದು ಎಂಜಿನು ಉತ್ತಮ. ಬೇರೆ ಜಾತಿಯದು ಬೇಕೇ ಬೇಕೆಂದರೆ ಗೇರು, ಬ್ರೇಕುಗಳ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ನುಡಿ ಯಂತ್ರಕ್ಕೂ ಸಲ್ಲುತ್ತದೆ.